ಕೆಮಿಸ್ಟ್ರಿ ನಿಮ್ಮ ಸಂಜೆಯನ್ನು ನುಂಗದಿರಲಿ

ಜರ್ಮನಿಯಲ್ಲಿ ಕೆಮಿಸ್ಟ್ರಿ ಪಿಎಚ್‌ಡಿಗೆ ಸೇರಿದ ಮೇಲೆ ಚಿತ್ರ ಬಿಡಿಸುವುದನ್ನೂ ಕಥೆ ಬರೆಯುವುದನ್ನೂ ಕೈಬಿಡಬೇಕಾಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಬಿಡಬೇಡಿ. ಇಲ್ಲಿ ನೆಲೆಸಿ ಬಹಳ ವರ್ಷಗಳಾದ ಮೇಲೆ ಹೇಳುತ್ತಿದ್ದೇನೆ: ಎರಡನ್ನೂ ನಡೆಸಬಹುದು, ಆದರೆ ಬಂದ ಮೊದಲ ತಿಂಗಳಿನಿಂದಲೇ ಸಂಜೆಯನ್ನು ಕಾಯ್ದುಕೊಳ್ಳಬೇಕು.

ಕಾನೂನು ನಿಮ್ಮ ಪರವಾಗಿದೆ. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸಾಮಾನ್ಯವಾಗಿ 11 ಗಂಟೆಗಳ ಬಿಡುವು ಕಡ್ಡಾಯ. ದೇಶದ ಪಶ್ಚಿಮ ಭಾಗದ ರಾಸಾಯನಿಕ ಕೈಗಾರಿಕೆಯಲ್ಲಿ ಕಾರ್ಮಿಕ ಸಂಘದ ಒಪ್ಪಂದದಂತೆ ವಾರಕ್ಕೆ 37.5 ಗಂಟೆ ಕೆಲಸ, ವರ್ಷಕ್ಕೆ 30 ದಿನ ರಜೆ. ಡಾಕ್ಟರೇಟ್ ಪಡೆದವರ ಕರಾರು ಹಲವೊಮ್ಮೆ ಈ ಒಪ್ಪಂದದ ಹೊರಗಿರುತ್ತದೆ; ಮುಂದೆ ಕಂಪನಿಗೆ ಹೋಗುವಾಗ ಸಹಿ ಹಾಕುವ ಮುನ್ನ ಅದನ್ನು ಓದಿ. ವಿಶ್ವವಿದ್ಯಾಲಯದ ರೀತಿಯೇ ಬೇರೆ. ಪಿಎಚ್‌ಡಿ ಕರಾರು ಕಾಗದದ ಮೇಲೆ ಅರ್ಧ ಅಥವಾ ಮುಕ್ಕಾಲು ವೇಳೆಯದ್ದಾಗಿದ್ದರೂ ಪ್ರಯೋಗಾಲಯದಲ್ಲಿ ದಿನವಿಡೀ ನಿಲ್ಲುವುದು ರೂಢಿ. ಅಣುವಿನ ರಚನೆ ತೋರಿಸುವ, ಆದರೆ ಸರದಿಯೇ ಬಾರದ ಎನ್‌ಎಂಆರ್ ಯಂತ್ರ, ಮಿಶ್ರಣವನ್ನು ಬೇರ್ಪಡಿಸುವ ಕೊಳವೆಯಾದ, ಇಳಿದು ಮುಗಿಯದ ಕಾಲಮ್, ಇವೇ ಸಂಜೆಯನ್ನು ತಿನ್ನುವುದು. ಕಾಲಮನ್ನು ಬೆಳಿಗ್ಗೆ ಹಾಕಿ. ಮಧ್ಯಾಹ್ನ ಮೂರರ ನಂತರ ಹೊಸದನ್ನು ಮುಟ್ಟಬೇಡಿ.

ಬೊರೊಡಿನ್ ನಿಮಗೆ ನೆನಪಿರಲಿ. 1859ರ ನಂತರ ಕೆಲಕಾಲ ಹೈಡೆಲ್‌ಬರ್ಗ್‌ನಲ್ಲಿ ಸಂಶೋಧನೆ ನಡೆಸಿದ ಈ ರಷ್ಯನ್ ರಸಾಯನಶಾಸ್ತ್ರಜ್ಞ ದೊಡ್ಡ ಸಂಗೀತ ರಚನಕಾರರೂ ಹೌದು. 1869ರಲ್ಲಿ ಕೈಗೆತ್ತಿಕೊಂಡ ಒಪೆರಾ 1887ರಲ್ಲಿ ಅವರು ತೀರಿಕೊಂಡಾಗಲೂ ಮುಗಿದಿರಲಿಲ್ಲ. ಪ್ರತಿಭೆಗೇನೂ ಕೊರತೆಯಿರಲಿಲ್ಲ. ಪಾಠ, ಪ್ರಯೋಗಾಲಯ, ಸಭೆಗಳ ನಡುವೆ ಉಳಿದ ಚೂರುಪಾರು ಸಮಯವಷ್ಟೇ ಸಂಗೀತಕ್ಕೆ ಸಿಗುತ್ತಿತ್ತು.

ಆದ್ದರಿಂದ ವಾರದ ಒಂದು ಸಂಜೆಯನ್ನು ಬೇರೆಯವರ ಜೊತೆ ಗೊತ್ತುಮಾಡಿಕೊಳ್ಳಿ. ಕೋಣೆಯಲ್ಲಿ ಒಬ್ಬರೇ ಕುಳಿತು ಚಿತ್ರ ಬಿಡಿಸುವ ಸಂಕಲ್ಪ, ಐದು ಗಂಟೆಯೊಳಗೇ ಕತ್ತಲಾಗುವ ನವೆಂಬರಿನಲ್ಲಿ ಕುಸಿಯುತ್ತದೆ. ಫೋಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರಗಳು ದೇಶದ ಉದ್ದಗಲಕ್ಕೂ ಇವೆ. ರೇಖಾಚಿತ್ರ, ಗ್ರಾಫಿಕ್ ಮುದ್ರಣ, ಕುಂಬಾರಿಕೆಯಂಥ ತರಗತಿಗಳು ಅಲ್ಲಿ ಸಂಜೆ ನಡೆಯುತ್ತವೆ. ಹವ್ಯಾಸಕ್ಕೊಂದು ಸಂಘ, ಅಂದರೆ ಫೆರೈನ್, ಇರುವ ದೇಶ ಇದು. ನಿಮ್ಮ ಜರ್ಮನ್ ತೊದಲಿದರೂ ಸೇರಿಕೊಳ್ಳಿ. ಭಾಷೆ ಅಲ್ಲಿಯೇ ಬರುತ್ತದೆ, ಸ್ನೇಹಿತರೂ ಅಲ್ಲಿಯೇ ಸಿಗುತ್ತಾರೆ.

ನಿಮ್ಮ ಚಿತ್ರಕ್ಕೆ ಕೆಮಿಸ್ಟ್ರಿ ಅಡ್ಡಿಯಲ್ಲ, ಒಳ್ಳೆಯ ಆಸ್ತಿ. ಕೆಫೀನನ್ನು ಬೇರ್ಪಡಿಸಿದ ರಸಾಯನಶಾಸ್ತ್ರಜ್ಞ ರುಂಗೆ, ಬರ್ಲಿನ್ ಸಮೀಪದ ಒರಾನಿಯೆನ್‌ಬುರ್ಗ್‌ನಲ್ಲಿ ಲೋಹಲವಣಗಳ ದ್ರಾವಣಗಳನ್ನು ಒತ್ತುಕಾಗದದ ಮೇಲೆ ಹನಿಸಿ, ಅವು ತಾವಾಗಿಯೇ ಹರಡಿ ಮೂಡಿಸುತ್ತಿದ್ದ ಬಣ್ಣದ ಉಂಗುರಗಳನ್ನು 1850ರ ದಶಕದಲ್ಲಿ ಪುಸ್ತಕವಾಗಿಸಿದರು. ಮಿಶ್ರಣದ ಅಂಶಗಳನ್ನು ಬೇರ್ಪಡಿಸುವ ಕ್ರೊಮಟೊಗ್ರಫಿ ವಿಧಾನಕ್ಕೆ ಆ ಹೆಸರು ಬರುವುದಕ್ಕೂ ಬಹಳ ಮೊದಲಿನ ಮಾತು ಇದು. ನನಗೆ ಪ್ರಿಯವಾದದ್ದು ಸಯನೊಟೈಪ್, ಅಂದರೆ ಬಿಸಿಲಿನಿಂದ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವ ವಿಧಾನ. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣಗಳನ್ನು ಬೆರೆಸಿ ಕಾಗದಕ್ಕೆ ಬಳಿದು, ಒಣಗಿದ ಮೇಲೆ ಎಲೆಯನ್ನೋ ನೆಗೆಟಿವನ್ನೋ ಇಟ್ಟು ಬಿಸಿಲಿಗೆ ಹಿಡಿಯಬೇಕು. ನೇರಳಾತೀತ ಕಿರಣ ಫೆರಿಕ್ ಕಬ್ಬಿಣವನ್ನು ಫೆರಸ್ ಎಂಬ ಇನ್ನೊಂದು ರೂಪಕ್ಕೆ ತರುತ್ತದೆ, ಅದು ಫೆರಿಸಯನೈಡ್ ಜೊತೆ ಸೇರಿ ಗಾಢ ನೀಲಿಯಾಗುತ್ತದೆ, ಬೆಳಕು ತಾಗದ ಭಾಗ ನೀರಿನಲ್ಲಿ ತೊಳೆದುಹೋಗುತ್ತದೆ. ಆ ನೀಲಿ ಮೊದಲು ಹುಟ್ಟಿದ್ದು 18ನೇ ಶತಮಾನದ ಆರಂಭದ ಬರ್ಲಿನ್‌ನಲ್ಲಿ, ಕೆಂಪು ಬಣ್ಣ ತಯಾರಿಸಲು ಹೊರಟವರ ಕೈಯಲ್ಲಿ. ತೊಳೆಯುವ ನೀರಿನ ಕ್ಷಾರೀಯತೆ ಚಿತ್ರವನ್ನು ಏಕೆ ಪೇಲವಗೊಳಿಸುತ್ತದೆ ಎಂಬುದು ನಿಮಗೆ ಹೇಳಿಕೊಡದೆಯೂ ತಿಳಿಯುತ್ತದೆ. ಸಾಮಗ್ರಿಯನ್ನು ಮಾತ್ರ ಸ್ವಂತ ಹಣದಿಂದ ಕೊಳ್ಳಿ. ಪ್ರಯೋಗಾಲಯದ ಒಂದು ಚಮಚವೂ ಮನೆಗೆ ಬರಬಾರದು.

ಚಿತ್ರ ಮಾರುವ ಯೋಚನೆ ಇದ್ದರೆ ಮೊದಲು ನಿಮ್ಮ ನಿವಾಸ ಪರವಾನಗಿಯನ್ನು ನೋಡಿ. ಸ್ವತಂತ್ರ ದುಡಿಮೆಗೆ ಅದರಲ್ಲಿ ಅವಕಾಶವಿಲ್ಲದಿದ್ದರೆ ವಿದೇಶಿಯರ ಕಚೇರಿಯ ಅನುಮತಿ ಬೇಕು. ಉಪವೃತ್ತಿಯ ಬಗ್ಗೆ ಕೆಲಸ ಕೊಟ್ಟವರಿಗೆ ತಿಳಿಸಬೇಕೇ ಎಂಬುದು ಕರಾರಿನಲ್ಲಿರುತ್ತದೆ. ಮನೆಯಲ್ಲಿ ಬಣ್ಣದ ಹೊಸ ಸೂತ್ರವನ್ನು ಕಂಡುಹಿಡಿದರೂ, 1957ರ ನೌಕರರ ಆವಿಷ್ಕಾರ ಕಾಯ್ದೆಯಡಿ ಅದನ್ನು ಸಂಸ್ಥೆಗೆ ತಿಳಿಸುವ ಹೊಣೆ ನಿಮ್ಮದಾಗಬಹುದು.

ಕಥೆಗಳನ್ನು ಕನ್ನಡದಲ್ಲೇ ಬರೆಯಿರಿ. ಹಗಲೆಲ್ಲ ಇಂಗ್ಲಿಷ್ ಮತ್ತು ಜರ್ಮನ್ ಕಿವಿ ತುಂಬುವುದರಿಂದ ದಿನಕ್ಕೆ ಒಂದೆರಡು ಪುಟವಾದರೂ ಕನ್ನಡ ಓದುವ ಅಭ್ಯಾಸ ಇಟ್ಟುಕೊಳ್ಳಿ. ಮೊದಲ ಕಥೆ ಮುಗಿದಾಗ ನನಗೆ ಕಳುಹಿಸಿ, ಓದಿ ಅನಿಸಿದ್ದನ್ನು ಬರೆಯುತ್ತೇನೆ.