ಉರ್ಸುಲಾ ಲೆ ಗ್ವಿನ್ ಕೃತಿಗಳನ್ನು ಪ್ರಕಟಣೆಯ ಕ್ರಮದಲ್ಲೇ ಓದಬೇಕೇ?

ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ವಿಜ್ಞಾನ ಕಥೆ, ಮಾಂತ್ರಿಕ ಕಥೆಗಳನ್ನು ಬರೆದ ಅಮೆರಿಕದ ಲೇಖಕಿ ಲೆ ಗ್ವಿನ್ ಅವರ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳಲ್ಲಿ ಯಾವುದರಿಂದ ಹೊರಡಲಿ, ಬಂದ ಕ್ರಮದಲ್ಲೇ ಓದಬೇಕೇ ಎಂದು ಕೇಳಿದ್ದೀರಿ. ಬಾಹ್ಯಾಕಾಶದ ಕಾದಂಬರಿಗಳಿಗೆ ಕ್ರಮದ ಹಂಗಿಲ್ಲ. ಅರ್ಥ್‌ಸೀ ಎಂಬ ಮಾಂತ್ರಿಕ ಲೋಕದ ಪುಸ್ತಕಗಳಿಗೆ ಮಾತ್ರ ಕ್ರಮ ಬೇಕೇ ಬೇಕು, ಮತ್ತು ಹೊರಡಬೇಕಾದದ್ದೂ ಅಲ್ಲಿಂದಲೇ.

ಮೊದಲನೆಯದು 1968ರ 'ಎ ವಿಝರ್ಡ್ ಆಫ್ ಅರ್ಥ್‌ಸೀ'. ದ್ವೀಪಗಳದೇ ಲೋಕ. ಯುದ್ಧಕ್ಕಿಂತ ದೋಣಿ, ಗಾಳಿ, ಅಲೆಗಳ ಮಾತೇ ಹೆಚ್ಚು. ನಾನು ಮಲ್ಪೆಯವನು, ಪಕ್ಷಪಾತ ಇದ್ದೀತು. ಆದರೂ ಕಡಲನ್ನು ಬರಿಯ ಹಿನ್ನೆಲೆ ಚಿತ್ರವಾಗಿ ಬಳಸದ ಮಾಂತ್ರಿಕ ಕಥೆ ಅಪರೂಪ. ಕಥಾನಾಯಕ ಗೆಡ್ ಗಾಳಿಯನ್ನೇ ಕರೆಯಬಲ್ಲವನು. ಆದರೆ ಮಂತ್ರವಿಲ್ಲದೆ ದೋಣಿ ನಡೆಸುವುದನ್ನು ಅವನು ದೋಣಿ ಕಟ್ಟುವ ಒಬ್ಬನಿಂದ ಕಲಿಯಬೇಕಾಗುತ್ತದೆ, ಮಾಂತ್ರಿಕರ ಶಾಲೆ ಆ ವಿದ್ಯೆಗೆ ಹೆಚ್ಚು ಗಮನ ಕೊಟ್ಟಿರಲಿಲ್ಲ! ಇನ್ನೊಂದು ಕಡೆ ಗೆಡ್ ತನ್ನ ಗುರು ಓಗಿಯನ್ ಜೊತೆ ನಡೆಯುತ್ತಿರುವಾಗ ಮಳೆ ಹಿಡಿಯುತ್ತದೆ. ಬೇರೆ ಮಾಂತ್ರಿಕರಾಗಿದ್ದರೆ ಮೋಡವನ್ನು ಪಕ್ಕಕ್ಕೆ ಅಟ್ಟಿಬಿಡುತ್ತಿದ್ದರು. ಈತ ದಟ್ಟವಾದ ಒಂದು ಮರ ನೋಡಿ ಅದರ ಬುಡದಲ್ಲಿ ಮಲಗುತ್ತಾನೆ. ತೊಟ್ಟಿಕ್ಕುವ ಪೊದೆಗಳ ನಡುವೆ ಮುದುಡಿ ಕುಳಿತ ಹುಡುಗನಿಗೆ ಸಿಟ್ಟು: ಬಳಸದ ಶಕ್ತಿ ಇದ್ದು ಏನು ಪ್ರಯೋಜನ? ಉಳಿದ ಪುಟಗಳೆಲ್ಲ ಆ ಪ್ರಶ್ನೆಯ ಬೆನ್ನು ಹತ್ತಿದವೇ.

ಕ್ರಮ ಏಕೆ ಎಂದರೆ, ಮೊದಲ ಪುಸ್ತಕದಲ್ಲಿ ಗಾಂಟ್ ದ್ವೀಪದವರ ಒಂದು ಗಾದೆ ಬರುತ್ತದೆ. ಹೆಂಗಸರ ಮಾಟದಷ್ಟು ದುರ್ಬಲವಾದದ್ದಿಲ್ಲ, ಅಷ್ಟು ಕೆಟ್ಟದ್ದೂ ಇಲ್ಲ ಎನ್ನುವ ಅರ್ಥದ್ದು. ಆಗ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಮಾಂತ್ರಿಕರ ಶಾಲೆಗೂ ಗಂಡಸರಿಗಷ್ಟೇ ಪ್ರವೇಶ. 1971 ಮತ್ತು 1972ರಲ್ಲಿ ಇನ್ನೆರಡು ಪುಸ್ತಕ ಬಂದವು. ಆಮೇಲೆ 18 ವರ್ಷಗಳ ಬಳಿಕ, 1990ರಲ್ಲಿ, 'ತೆಹಾನು'. ಇಲ್ಲಿ ಗೆಡ್ ಶಕ್ತಿ ಕಳೆದುಕೊಂಡವನು. ಕಥೆ ನಡೆಯುವುದು ಟೆನಾರ್ ಎಂಬ ಮಧ್ಯವಯಸ್ಸಿನ ವಿಧವೆಯ ಹೊಲಮನೆಯಲ್ಲಿ, ಅವಳು ಸಾಕುತ್ತಿರುವ, ಬೆಂಕಿಯಲ್ಲಿ ಸುಟ್ಟ ಒಂದು ಹೆಣ್ಣುಮಗುವಿನ ಸುತ್ತ. ನಮ್ಮ ತಾಳಮದ್ದಳೆಯಲ್ಲಿ ನಿನ್ನೆ ರಾಮನ ಅರ್ಥ ಹೇಳಿದವರೇ ಇಂದು ವಾಲಿಯಾಗಿ ಕುಳಿತು ರಾಮನನ್ನು ನಿಲ್ಲಿಸಿ ಕೇಳುತ್ತಾರಲ್ಲ, ಹಾಗೆ ಲೇಖಕಿ ಇಲ್ಲಿ ತಮ್ಮದೇ ಹಳೆಯ ಲೋಕವನ್ನು ಜಗ್ಗಿಸಿ ಕೇಳುತ್ತಾರೆ. 2001ರ 'ಟೇಲ್ಸ್ ಫ್ರಮ್ ಅರ್ಥ್‌ಸೀ'ಯಲ್ಲಂತೂ ಆ ಶಾಲೆಯನ್ನು ಕಟ್ಟಿದವರಲ್ಲಿ ಹೆಂಗಸರೂ ಇದ್ದರು ಎಂಬುದು ಹೊರಬೀಳುತ್ತದೆ. ನಾಲ್ಕನೆಯದನ್ನೇ ಮೊದಲು ಓದಿದರೆ ಈ ಜಗಳದ ರುಚಿ ಸಿಗುವುದಿಲ್ಲ. ಹಳೆಯ ಅಭಿಮಾನಿಗಳು ಕೆಲವರು 'ತೆಹಾನು'ವನ್ನು ಕಂಡು ಮುಖ ಸಿಂಡರಿಸುವುದುಂಟು. ನನಗೆ ಎಲ್ಲಕ್ಕಿಂತ ಇಷ್ಟ ಅದೇ.

ಇದೇ ಸ್ವಭಾವ 1969ರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ವಿಷಯದಲ್ಲೂ ಕಾಣುತ್ತದೆ. ಅಲ್ಲಿನ ಹಿಮಗ್ರಹದ ಜನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ತಿಂಗಳಲ್ಲಿ ಕೆಲವು ದಿನ ಮಾತ್ರ ಎರಡರಲ್ಲಿ ಒಂದಾಗುತ್ತಾರೆ. ರಾಜನೇ ಬಸುರಿ. ಆದರೂ ಕಾದಂಬರಿ ಅವರೆಲ್ಲರನ್ನೂ 'ಅವನು' ಎಂದೇ ಕರೆಯುತ್ತದೆ. ಇದಕ್ಕೆ ಟೀಕೆ ಬಂದಾಗ 1976ರ ಪ್ರಬಂಧದಲ್ಲಿ ಲೆ ಗ್ವಿನ್ ಸಮರ್ಥಿಸಿಕೊಂಡರು. ಸುಮಾರು ಹತ್ತು ವರ್ಷಗಳ ನಂತರ ಅದೇ ಪ್ರಬಂಧಕ್ಕೆ ಟಿಪ್ಪಣಿ ಸೇರಿಸಿ, ಸಮರ್ಥನೆಯನ್ನು ತಾವೇ ಹಿಂದಕ್ಕೆ ಪಡೆದರು. ಹಳೆಯ ಮಾತನ್ನು ಅಳಿಸದೆ ಪಕ್ಕದಲ್ಲೇ ಹೊಸದನ್ನು ಇಟ್ಟರು ನೋಡಿ, ಅದು ದೊಡ್ಡದು.

ಎಂಜಿನಿಯರಿಂಗ್‌ನವರಾದ ನಿಮಗೆ ಅದರ ನಂತರ 'ದಿ ಡಿಸ್‌ಪೊಸೆಸ್ಡ್' (1974). ಸರ್ಕಾರವೂ ಸ್ವಂತ ಆಸ್ತಿಯೂ ಇಲ್ಲದ ಬರಡು ನೆಲದ ಭೌತವಿಜ್ಞಾನಿ ಶೆವೆಕ್ ಅದರ ನಾಯಕ. ನಕ್ಷತ್ರಗಳ ನಡುವೆ ಕ್ಷಣಮಾತ್ರದಲ್ಲಿ ಸಂದೇಶ ಮುಟ್ಟಿಸುವ 'ಆನ್ಸಿಬಲ್' ಯಂತ್ರದ ಹಿಂದಿರುವುದು ಅವನ ಸಿದ್ಧಾಂತವೇ. ಆದರ್ಶ ಸಮಾಜದಲ್ಲೂ ಸಮಿತಿಗಳ ಸಣ್ಣತನ ಹೇಗೆ ಬೇರು ಬಿಡುತ್ತದೆ ಎಂಬುದನ್ನು ಓದುವಾಗ ನಿಮಗೆ ನಿಮ್ಮ ಊರಿನ ಯಾವುದಾದರೂ ಸಂಘ ನೆನಪಾಗದಿದ್ದರೆ ಹೇಳಿ. 1966 ಮತ್ತು 1967ರ ಮೂರು ಪುಟ್ಟ ಬಾಹ್ಯಾಕಾಶ ಕಾದಂಬರಿಗಳನ್ನು ಸದ್ಯಕ್ಕೆ ಬಿಡಿ.

ಅರ್ಥ್‌ಸೀ ಪುಸ್ತಕಗಳನ್ನು ಆಧರಿಸಿದ 2004ರ ಟಿ.ವಿ. ಸರಣಿಯ ತಂಟೆಗೂ ಹೋಗಬೇಡಿ. ಪುಸ್ತಕದಲ್ಲಿ ತಾಮ್ರವರ್ಣದವನಾದ ಗೆಡ್‌ನನ್ನು ಅಲ್ಲಿ ಬಿಳಿಯನನ್ನಾಗಿ ಮಾಡಿದ್ದರು. ಲೇಖಕಿ ಬಹಿರಂಗವಾಗಿಯೇ ಪ್ರತಿಭಟಿಸಿದರು. ಅರ್ಥ್‌ಸೀ ಕಥೆಗಳನ್ನೆಲ್ಲ ಸೇರಿಸಿದ ಸಚಿತ್ರ ಸಂಪುಟವೊಂದು 2018ರಲ್ಲಿ ಬಂತು. ಚಂದವಿದೆ, ಆದರೆ ಮಲಗಿ ಓದುವವರಿಗೆ ಹೇಳಿದ್ದಲ್ಲ, ಬಸ್ಸಿಗಂತೂ ಅಲ್ಲವೇ ಅಲ್ಲ. ಬಿಡಿ ಪ್ರತಿಗಳನ್ನೇ ಕೊಳ್ಳಿ.