ನೋವು ಅಂದ್ರೆ ಪಟ್ಟಿಯಿಂದ ಹೆಸರು ಹೋಗುತ್ತಾ ಮೇಡಂ?

(ಗುರುತು ಸಿಗದಂತೆ ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯ ಹೆಸರೂ ನಿಜವಾದದ್ದಲ್ಲ.)

ಹದಿನೇಳರ ಪವಿತ್ರ ಏಷ್ಯಾ ಮಟ್ಟದ ಕಿರಿಯರ ವಾಲಿಬಾಲ್ ಪಂದ್ಯಾವಳಿಯ ತಯಾರಿ ಕ್ಯಾಂಪಿನಲ್ಲಿದ್ದ ಅಟ್ಯಾಕರ್, ಅಂದರೆ ನೆಗೆದು ಚೆಂಡನ್ನು ಎದುರಾಳಿಯ ಅಂಕಣಕ್ಕೆ ಹೊಡೆಯುವವಳು. ಸಿಡುಕು ಹೆಚ್ಚಾಗಿದೆ, ಅವಳಿಗೆ ಚೆಂಡು ಎತ್ತಿಕೊಡುವ ಲಿಫ್ಟರ್ ಹುಡುಗಿಯ ಜೊತೆ ದಿನಾ ಜಗಳ ಎಂದು ಕೋಚ್ ಆಪ್ತಸಮಾಲೋಚಕಿಯಾದ ನನ್ನ ಬಳಿ ಕಳುಹಿಸಿದ್ದರು. ‘ಅವಳು ಚೆಂಡನ್ನ ಸರಿಯಾಗಿ ಎತ್ತಿ ಕೊಡಲ್ಲ’ ಎಂಬುದು ಪವಿತ್ರಳ ದೂರು. ಮೊದಲ ಭೇಟಿ ಪೂರ್ತಿ ಇದರಲ್ಲೇ ಕಳೆಯಿತು.

ಎರಡನೇ ಭೇಟಿಯಲ್ಲಿ ಜಗಳದ ಮಾತು ಬಿಟ್ಟು ದಿನಚರಿ ಕೇಳಿದೆ. ಹಾಸ್ಟೆಲಿನ ಮೆಟ್ಟಿಲನ್ನು ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿಯುತ್ತಾಳಂತೆ. ಯಾಕೆ ಎಂದಾಗ ತಲೆ ತಗ್ಗಿಸಿದಳು. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ತೋರಿಸಿ, ‘ಕೂತ್ರೆ ಏಳಾಕಾಗಲ್ಲ. ನೋವು ಅಂತ ಯೋಳುದ್ರೆ ಊರಿಗೆ ಕಳುಸ್ಬುಡ್ತಾರೆ ಮೇಡಂ’ ಎಂದಳು. ಲಿಫ್ಟರ್ ಎತ್ತಿಕೊಟ್ಟ ಚೆಂಡು ಸರಿಯಾಗಿಯೇ ಇತ್ತು, ಇವಳೇ ಹೊತ್ತಿಗೆ ಸರಿಯಾಗಿ ನೆಗೆಯಲಾಗುತ್ತಿರಲಿಲ್ಲ.

ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು (ಟೆಂಡನ್) ಹೀಗೆ ನೋಯುವುದು ವಾಲಿಬಾಲಿನವರಿಗೆ ಹೊಸದಲ್ಲ. ‘ಜಂಪರ್ಸ್ ನೀ’ ಎಂದು ಹೆಸರೇ ಬಿದ್ದಿದೆ. ಪವಿತ್ರ ಊರಿನ ಮಣ್ಣಿನ ಅಂಕಣದಲ್ಲಿ ಆಡಿ ಬೆಳೆದವಳು. ಇಲ್ಲಿ ಗಟ್ಟಿ ನೆಲ, ಎರಡು ಹೊತ್ತು ಅಭ್ಯಾಸ. ನೆಟ್ಟಿನ ಎತ್ತರ ಅದೇ 2.24 ಮೀಟರ್. ಆದರೆ ಚೀನಾದಂಥ ತಂಡದ ಬ್ಲಾಕ್ (ಚೆಂಡು ತಡೆಯಲು ನೆಟ್ಟಿನ ಬಳಿ ನೆಗೆದು ಎತ್ತುವ ಕೈಗಳು) ಅದರ ಮೇಲೆ ಇನ್ನೂ ಎತ್ತರಕ್ಕೆ ಬರುತ್ತದೆಂದು ನೆಗೆತದ ಅಭ್ಯಾಸವನ್ನು ಒಮ್ಮೆಲೇ ಹೆಚ್ಚಿಸಿದ್ದರು. ಉದ್ದೇಶ ತಪ್ಪಲ್ಲ, ಅವಸರ ತಪ್ಪು.

ನನ್ನನ್ನು ನಿಜಕ್ಕೂ ಬೆಚ್ಚಿಸಿದ್ದು ಮುಂದಿನ ಮಾತು. ಸೋದರಮಾವ ಪರಿಚಯದ ಡಾಕ್ಟರ ಬಳಿ ಮಂಡಿಗೆ ಸೂಜಿ ಹಾಕಿಸಲು ಗೊತ್ತು ಮಾಡಿದ್ದರು. ಫೋನಿನಲ್ಲಿ ಕೇಳಿದಾಗ ಅದು ಸ್ಟೀರಾಯ್ಡ್ ಎಂದು ತಿಳಿಯಿತು. ‘ನಮ್ಮ ಕಾಲದಾಗೆ ಎಲ್ರೂ ಹಾಕುಸ್ಕಂಡೇ ಆಡ್ತಿದ್ರು’ ಎಂದರು ಮಾವ. ಕೀಲಿಗೆ ಕೊಡುವ ಈ ಸೂಜಿಗೆ ಹಿಂದೆ ಅಡ್ಡಿಯಿರಲಿಲ್ಲ, ನಿಜ. 2022ರ ಜನವರಿ 1ರಿಂದ ವಾಡಾ (ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ) ನಿಯಮ ಬದಲಾಗಿದೆ: ದೇಹದ ಯಾವ ಭಾಗಕ್ಕೆ ಕೊಟ್ಟರೂ ಗ್ಲೂಕೋಕಾರ್ಟಿಕಾಯ್ಡ್ (ಇದೇ ಬಗೆಯ ಸ್ಟೀರಾಯ್ಡ್) ಚುಚ್ಚುಮದ್ದು ಪಂದ್ಯದ ಅವಧಿಯಲ್ಲಿ ನಿಷಿದ್ಧ. ಮೊದಲೇ ಹಾಕಿಸಿಕೊಂಡಿದ್ದರೂ ಅದರ ಅಂಶ ದೇಹದಲ್ಲಿ ಉಳಿದು ಪರೀಕ್ಷೆಯಲ್ಲಿ ಸಿಗಬಹುದು. ಮಾವ ಹೇಳಿದರು, ಡಾಕ್ಟರು ಹಾಕಿದರು ಎಂದರೆ ನಡೆಯುವುದಿಲ್ಲ, ಉತ್ತರ ಕೊಡಬೇಕಾದವಳು ಆಟಗಾರ್ತಿಯೇ. ಸಾಲದ್ದಕ್ಕೆ ಸ್ನಾಯುರಜ್ಜು ಇನ್ನಷ್ಟು ದುರ್ಬಲವಾಗುವ ಅಪಾಯ ಬೇರೆ.

ಪವಿತ್ರಳಿಗೆ ಹೇಳಿದ್ದು ಇಷ್ಟು: ‘ಸೂಜಿ ಬೇಡವೇ ಬೇಡ. ಯಾವ ಮಾತ್ರೆ ನುಂಗುವುದಿದ್ದರೂ ತಂಡದ ಡಾಕ್ಟರಿಗೆ ತೋರಿಸು. ನೋವಿನ ವಿಷಯ ನಾನು ಹೇಳುವುದಿಲ್ಲ, ನೀನೇ ಫಿಸಿಯೋಗೆ ಹೇಳು, ನಾನು ಪಕ್ಕದಲ್ಲಿ ಕೂತಿರುತ್ತೇನೆ.’ ಎರಡು ದಿನ ಯೋಚಿಸಿ ಒಪ್ಪಿದಳು. ಒಪ್ಪದಿದ್ದರೆ ಹೆತ್ತವರಿಗೂ ತಂಡದ ಡಾಕ್ಟರಿಗೂ ನಾನು ತಿಳಿಸಲೇಬೇಕಿತ್ತು. ಅಪ್ರಾಪ್ತೆಯ ಆರೋಗ್ಯದ ವಿಷಯದಲ್ಲಿ ಗುಟ್ಟಿಗೆ ಮಿತಿಯಿದೆ ಎಂದು ಮೊದಲ ದಿನವೇ ಅವಳಿಗೆ ಹೇಳಿಟ್ಟಿದ್ದೆ.

ಫಿಸಿಯೋ ಆಟ ನಿಲ್ಲಿಸಲಿಲ್ಲ. ನೆಗೆತ ಕಡಿಮೆ ಮಾಡಿ, ಭಾರ ಎತ್ತುವ ನಿಧಾನದ ವ್ಯಾಯಾಮ ಕೊಟ್ಟರು. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ದಿನಾ ಬೆಳಿಗ್ಗೆ ಬರೆಯಬೇಕು, ಹಿಂದಿನ ದಿನಕ್ಕಿಂತ ಏರಿದ್ದರೆ ಆ ದಿನ ನೆಗೆತವಿಲ್ಲ. ರಿಸೀವ್, ಸರ್ವ್ ಅಭ್ಯಾಸ ಮಾತ್ರ.

ಕೋಚ್ ಜೊತೆಗಿನ ಮಾತೇ ಕಷ್ಟವಾಗಿತ್ತು. ‘ಯಾರಿಗಾದ್ರೂ ನೋವಿದೆಯಾ?’ ಎಂದು ಅವರು ದಿನಾ ಕೇಳುತ್ತಿದ್ದುದು ನಿಜ. ಆದರೆ ಹನ್ನೆರಡು ಮಂದಿಯ ಪಟ್ಟಿ ಬರೆಯುವವರೇ ಎಲ್ಲರೆದುರು ಹಾಗೆ ಕೇಳಿದರೆ ಯಾವ ಮಗು ಕೈ ಎತ್ತುತ್ತದೆ? ನೋವಿನ ಲೆಕ್ಕ ಫಿಸಿಯೋ ಬಳಿ ಇರಲಿ, ಇವತ್ತು ಯಾರು ಎಷ್ಟು ನೆಗೆಯಬಹುದು ಎಂಬುದಷ್ಟೇ ನಿಮಗೆ ತಿಳಿದರೆ ಸಾಕು ಎಂದೆ. ‘ಹಾಗಾದ್ರೆ ಎಲ್ರೂ ನೆಪ ಹೇಳ್ತಾರೆ’ ಎಂದರು. ಕೊನೆಗೆ ಪ್ರಯೋಗಕ್ಕೆಂದು ಒಪ್ಪಿದರು. ಮೊದಲ ವಾರದಲ್ಲೇ ಇನ್ನಿಬ್ಬರು ಹುಡುಗಿಯರು ಫಿಸಿಯೋ ಬಳಿ ಹೋಗಿ ಮಂಡಿ ತೋರಿಸಿದರು. ಅವರಲ್ಲೊಬ್ಬಳು ಅದೇ ಲಿಫ್ಟರ್.

ಅಂತಿಮ ಪಟ್ಟಿಯಲ್ಲಿ ಪವಿತ್ರಳ ಹೆಸರು ಕಾಯ್ದಿರಿಸಿದವರ ಸಾಲಿನಲ್ಲಿ ಬಂತು. ಅತ್ತಳು. ಸೂಜಿ ಹಾಕಿಸಿದ್ದರೆ ಆಡುತ್ತಿದ್ದಳು ಎಂದು ಮಾವ ಈಗಲೂ ವಾದಿಸುತ್ತಾರೆ. ಮುಂದಿನ ಭೇಟಿಗೆ ಅವರನ್ನೂ ಬರಹೇಳಿದ್ದೇನೆ.