ಜರ್ಮನ್ನರ ಹಿಡಿತದಲ್ಲಿದ್ದ ಪ್ಯಾರಿಸ್‌ನಲ್ಲಿ ಹಾಡಿದವರೆಲ್ಲ ದ್ರೋಹಿಗಳಾ?

ಪ್ರಶ್ನೆ: ಮೇಡಂ, ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಗಾಯಕರಾದ ಎಡಿತ್ ಪಿಯಾಫ್, ಮೊರಿಸ್ ಷೆವಾಲಿಯೆ ಜರ್ಮನಿಗೂ ಹೋಗಿ ಹಾಡಿ ಬಂದ್ರಂತೆ. ಇದು ದೇಶದ್ರೋಹ ಅಲ್ವಾ?

ಉತ್ತರ: ಇಬ್ರನ್ನೂ ದ್ರೋಹಿ ಅನ್ನೋಕೆ ನಾನು ಒಪ್ಪಲ್ಲ. 1940ರ ಜೂನ್‌ನಿಂದ 1944ರ ಆಗಸ್ಟ್‌ವರೆಗೆ ಪ್ಯಾರಿಸ್ ಹಿಟ್ಲರ್ ಸೈನ್ಯದ ಕೈಲಿತ್ತು, ಹಾಡೋರು, ವಾದ್ಯದೋರು, ಲೈಟ್ ಬಿಡೋರು ಎಲ್ರ ಹೊಟ್ಟೆಪಾಡೂ ಅದೇ ಥಿಯೇಟರ್‌ಗಳಲ್ಲೇ ನಡೀಬೇಕಿತ್ತು, ನೋಡೋಕೆ ಬರೋರಲ್ಲಿ ಜರ್ಮನ್ ಆಫೀಸರ್‌ಗಳೂ ಇರ್ತಿದ್ರು.

ಷೆವಾಲಿಯೆ ಮೊದಲನೇ ಮಹಾಯುದ್ಧದಲ್ಲಿ ಗಾಯಗೊಂಡು ಜರ್ಮನಿಯ ಆಲ್ಟೆನ್‌ಗ್ರಾಬೋ ಕ್ಯಾಂಪಲ್ಲಿ ಸೆರೆಯಾಳಾಗಿದ್ದೋರು. 1941ರ ಕೊನೇಲಿ ಅದೇ ಕ್ಯಾಂಪಿಗೆ ಹೋಗಿ ಅಲ್ಲಿದ್ದ ಫ್ರೆಂಚ್ ಕೈದಿಗಳಿಗೆ ಹಾಡಿದ್ರು, ಅದಕ್ಕೆ ಬದಲಾಗಿ ಹತ್ತು ಕೈದಿಗಳನ್ನ ಬಿಡಿ ಅಂತ ಕೇಳಿ ಬಿಡಿಸಿದ್ರು. ಆದ್ರೆ ನಾಜಿಗಳು ಸುಮ್ನಿರ್ತಾರಾ, ಇವ್ರು ನಮ್ಮ ದೇಶದಲ್ಲಿ ಟೂರ್ ಮಾಡಿದ್ರು ಅನ್ನೋ ಥರ ಪ್ರಚಾರ ಮಾಡ್ಕೊಂಡ್ರು. ಮನೇಲಿ ನೋಡಿದ್ರೆ ಅವ್ರ ಸಂಗಾತಿ ನಿತಾ ರಾಯಾ ಯಹೂದಿ, ಆಕೆನ ಕಾಪಾಡ್ಕೊಳ್ಳೋ ಭಯ ಬೇರೆ. ಇಷ್ಟಾದ್ರೂ ಒಂದು ಮಾತು ಹೇಳ್ಲೇಬೇಕು, ಜರ್ಮನ್ನರೇ ನಡೆಸ್ತಿದ್ದ ರೇಡಿಯೋ-ಪ್ಯಾರಿಸ್‌ನಲ್ಲಿ ಹಾಡಿದ್ದು ಮಾತ್ರ ನಂಗೆ ಸರಿ ಕಾಣಲ್ಲ, ಯಾಕಂದ್ರೆ ಜನ ಇವ್ರ ಹಾಡಿಗೆ ಅಂತ ಸ್ಟೇಷನ್ ಹಾಕಿದ್ರೆ ಅದರ ಜೊತೆಗೇ ನಾಜಿ ಪ್ರಚಾರಾನೂ ಕಿವಿಗೆ ಬೀಳ್ತಿತ್ತು. ಪ್ಯಾರಿಸ್ ಬಿಡುಗಡೆ ಆದ್ಮೇಲೆ, ಜರ್ಮನ್ನರ ಜೊತೆ ಕೈಜೋಡಿಸಿದ್ರಾ ಅಂತ ವಿಚಾರಣೆ ಆಯ್ತು, ಪಾರಾದ್ರು.

ಪಿಯಾಫ್ ವಿಷ್ಯ ಇನ್ನೂ ಬೇರೆ. 1943, 44ರಲ್ಲಿ ಜರ್ಮನಿಯ ಸೆರೆ ಕ್ಯಾಂಪ್‌ಗಳಿಗೆ ಹೋದಾಗ ಫ್ರೆಂಚ್ ಕೈದಿಗಳ ಜೊತೆ ಗ್ರೂಪ್ ಫೋಟೋ ತೆಗೆಸ್ಕೊಂಡಿದ್ರು. ಪ್ಯಾರಿಸ್‌ಗೆ ಬಂದ್ಮೇಲೆ ಅದ್ರಲ್ಲಿ ಒಬ್ಬೊಬ್ಬರ ಮುಖಾನೂ ದೊಡ್ಡದು ಮಾಡಿ, ನಕಲಿ ಗುರುತಿನ ಚೀಟಿಗೆ ಅಂಟಿಸಿ, ಅವ್ರು ತಪ್ಪಿಸ್ಕೊಳ್ಳೋಕೆ ಅಂತ ಮುಂದಿನ ಸಲ ಹೋದಾಗ ಗುಟ್ಟಾಗಿ ತಲುಪಿಸಿದ್ರು ಅಂತ ರೆಸಿಸ್ಟೆನ್ಸ್ (ಜರ್ಮನ್ನರ ವಿರುದ್ಧದ ಗುಪ್ತ ಹೋರಾಟ) ಜೊತೆ ನಂಟಿದ್ದ ಅವ್ರ ಸೆಕ್ರೆಟರಿ ಆಂದ್ರೇ ಬಿಗಾರ್ ಸಾಕ್ಷಿ ಹೇಳಿದ್ರು, ವಿಚಾರಣೆ ಸಮಿತಿ ಪಿಯಾಫ್‌ನ ಬಿಟ್ಬಿಡ್ತು.

ನಂಗೆ ನಿಜವಾಗ್ಲೂ ಸಂಕಟ ಆಗೋದು ನಟಿ ಆರ್ಲೆಟಿ ಕಥೆಗೆ. ಆಕೆ ಮೇಲಿದ್ದ ದೊಡ್ಡ ಆರೋಪ ಜರ್ಮನ್ ವಾಯುಸೇನೆ ಆಫೀಸರ್ ಒಬ್ಬನ್ನ ಪ್ರೀತಿಸಿದ್ದು. ಅದಕ್ಕೆ ಜೈಲು, ಆಮೇಲೆ ಗೃಹಬಂಧನ, ಕೆಲಸಕ್ಕೂ ನಿಷೇಧ. ಆದ್ರೆ ಅಟ್ಲಾಂಟಿಕ್ ದಡದುದ್ದಕ್ಕೂ ಜರ್ಮನ್ನರಿಗೆ ಕಾಂಕ್ರೀಟ್ ಕೋಟೆ ಕಟ್ಟಿಕೊಟ್ಟು ದುಡ್ಡು ಮಾಡ್ಕೊಂಡ ಎಷ್ಟೋ ಫ್ರೆಂಚ್ ಕಾಂಟ್ರಾಕ್ಟರ್‌ಗಳು ಸಲೀಸಾಗಿ ತಪ್ಪಿಸ್ಕೊಂಡ್ರು, ಅವ್ರ ಹೆಸರು ಇವತ್ತು ಯಾರೂ ಕೇಳೋದೂ ಇಲ್ಲ.